ಅಕ್ಕನ ಅಳತೆ

ನಮ್ಮ ಹೊಳೆಗೆ ಸೇತುವೆ ಒಂದೇ, ದೊಡ್ಡ ಅಂಗಡಿ ಮಾತ್ರ ಎರಡು. ಸೇತುವೆಯ ಈಚೆಗೊಂದು, ಆಚೆಗೊಂದು. ಎರಡರಲ್ಲೂ ಸಿಗುವುದು ಅದೇ: ಬಾಗಿಲು, ಬಣ್ಣ, ನಲ್ಲಿ, ಮೊಳೆ, ಬಚ್ಚಲಿನ ಟೈಲ್ಸು, ಮನೆ ಕಟ್ಟುವುದಕ್ಕೂ ಕಟ್ಟಿದ್ದನ್ನು ರಿಪೇರಿ ಮಾಡುವುದಕ್ಕೂ ಬೇಕಾದ ಸಕಲವೂ. ಆದರೂ ಜನ ಎರಡು ಪಂಗಡವಾಗಿದ್ದಾರೆ. ಯಾವುದು ಮೇಲು ಎಂದು ಕೇಳಿದರೆ, ಇಬ್ಬರು ಅಳಿಯಂದಿರಲ್ಲಿ ಯಾರು ಒಳ್ಳೆಯವನು ಎಂದು ಅತ್ತೆಯನ್ನು ಕೇಳಿದ ಹಾಗೆ. ಉತ್ತರ ಆ ಹೊತ್ತಿನ ಮನಸ್ಸಿನ ಮೇಲೆ ನಿಂತಿರುತ್ತದೆ. ನನ್ನನ್ನೂ ಕೇಳುತ್ತಾರೆ. ಆಗ ನಾನು ಹೇಳುವುದು ಈ ಕತೆಯನ್ನು.

ಅಕ್ಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲಿಂದ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಮೇಲಿನ ಹಲಗೆಯ ಡಬ್ಬಿಗೆ ಕೈ ಚಾಚಿದ್ದಳಂತೆ. ಆಪರೇಷನ್ ಆಗಿ, ದೇವರ ದಯೆಯಿಂದ ವಾಕರ್ ಹಿಡಿದು ನಿಲ್ಲುವಷ್ಟಾಗಿದ್ದಳು. ಸೋಮವಾರ ಬೆಳಿಗ್ಗೆ, ಅವಳಿಗೆ ನಡಿಗೆ ಕಲಿಸುತ್ತಿದ್ದ ಫಿಸಿಯೋ ಮೇಡಂ ಭಾವನನ್ನೂ ನನ್ನನ್ನೂ ವಾರ್ಡಿನ ಬಾಗಿಲಿಗೆ ಕರೆದರು.

"ಬುಧವಾರ ಹನ್ನೆರಡು ಗಂಟೆಗೆ ನಿಮ್ಮ ಮನೆಗೆ ಬಂದು ನೋಡ್ತೀನಿ. ಬಚ್ಚಲಲ್ಲಿ ಅವರು ಹಿಡ್ಕೊಳ್ಳೋಕೆ ಗಟ್ಟಿಯಾದ ಕಂಬಿ ಇರಬೇಕು. ಇದ್ರೆ ಗುರುವಾರ ಮನೆಗೆ ಕರ್ಕೊಂಡು ಹೋಗಿ. ಇಲ್ದಿದ್ರೆ ಆರೈಕೆ ಕೇಂದ್ರಕ್ಕೆ ಕಳಿಸ್ಬೇಕಾಗುತ್ತೆ. ಅಲ್ಲಿ ಆರು ವಾರ."

ಅಕ್ಕನಿಗೆ ಅದೆಲ್ಲ ಕೇಳಿಸಿತ್ತು. ಭಾವ ಹತ್ತಿರ ಹೋದಾಗ "ಊಟ ಮಾಡಿದ್ರಾ?" ಎಂದಳು, ಅಷ್ಟೇ. ಅವರು ನೀರು ತರಲು ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಇನ್ನೂ ಆರು ವಾರ ನನ್ನ ಕೈಲಾಗಲ್ಲ ಕಣೋ ತಮ್ಮಾ. ಬೆಳಿಗ್ಗೆ ಎದ್ದಾಗ ನಮ್ಮನೇಲಿ ಬಿಸಿಲು ಯಾವ ಗೋಡೆ ಮೇಲೆ ಬೀಳುತ್ತೆ ಅನ್ನೋದೇ ಮರೀತಾ ಇದೀನಿ."

ನಮ್ಮಕ್ಕ ಹುಟ್ಟಿದಾಗಿನಿಂದ ಏನನ್ನೂ ಕೇಳಿದವಳಲ್ಲ. ಇದೊಂದನ್ನು ಕೇಳಿದಳು.

ಭಾವ ಬಡಗಿ. ಆರಡಿ ಮೇಲೆ ಎರಡು ಅಂಗುಲ ಎತ್ತರ. ಅಕ್ಕ ಅವರನ್ನು ಬೆನ್ನ ಹಿಂದೆ "ಏಣಿ" ಎನ್ನುತ್ತಾಳೆ, ಒಮ್ಮೊಮ್ಮೆ ಎದುರಿಗೂ. ಜೇಬಿನಲ್ಲಿ ಟೇಪು ಇಟ್ಟವರೇ ಅಲ್ಲ. ಒಂದು ಉಂಡೆ ದಾರವಿರುತ್ತದೆ. ಅಳತೆ ಸಿಕ್ಕಿದಲ್ಲಿ ಗಂಟು ಹಾಕುವುದು, ಗಂಟಿಗೆ ಸರಿಯಾಗಿ ಮರ ಕೊಯ್ಯುವುದು. "ಅಂಕಿ ಮರೆತು ಹೋಗುತ್ತೆ, ಗಂಟು ಮರೆಯಲ್ಲ" ಎನ್ನುವುದು ಅವರ ಮಾತು. ಆ ದಿನ ಮಧ್ಯಾಹ್ನ ಬಚ್ಚಲಿನಲ್ಲಿ ನಿಂತು, ಕೈ ಆರಾಮಾಗಿ ಊರುವ ಕಡೆ ದಾರ ಹಿಡಿದು ಒಂದು ಗಂಟು ಹಾಕಿದರು. ಮರದ ಕೆಲಸಕ್ಕೆ ಹೆದರದ ಮನುಷ್ಯ ಟೈಲ್ಸಿನ ಗೋಡೆ ನೋಡಿ ಮಾತ್ರ ಹಿಂದೆ ಸರಿದರು.

"ಇದು ಗಾಜಿದ್ದ ಹಾಗೆ ಮೈದುನ. ತೂತು ಕೊರೆಯೋಕೆ ಹೋಗಿ ಬಿರುಕು ಬಿಟ್ರೆ ಗೋಡೆನೇ ಹಾಳು."

ಈಚೆ ಅಂಗಡಿಗೆ ಹೋದೆವು. ಭಾವ ಆ ಪಂಗಡದವರು. ಒಳಗೆ ಕಾಲಿಟ್ಟರೆ ತಂಪು ಗಾಳಿ, ಹಾಡು, ಹೊಸ ಮರದ ವಾಸನೆ, ಹನುಮಂತನ ಬಾಲದಂಥ ಸಾಲುಗಳು. ಮಾರಾಟಕ್ಕಿಟ್ಟ ಬಾಗಿಲುಗಳನ್ನು ಚೌಕಟ್ಟು ಸಮೇತ ನಿಲ್ಲಿಸಿದ್ದರು. ಭಾವ ಒಂದೊಂದನ್ನೂ ತೆರೆದು ದಾಟಿ ಬಂದರು.

"ಹದಿನೇಳು ಬಾಗಿಲು ದಾಟಿದೆ. ಒಂದು ಮನೆನೂ ಸಿಗಲಿಲ್ಲ."

"ನೀವು ಬಾಗಿಲು ದಾಟ್ತಾ ಕೂತ್ರೆ ಅಕ್ಕ ಆಸ್ಪತ್ರೆ ಬಾಗಿಲು ದಾಟೋದು ಯಾವಾಗ?" ಎಂದೆ.

"ಮೊದ್ಲು ಆ ಟ್ರಾಲಿ ನೆಟ್ಟಗೆ ತಳ್ಳು. ಮೂವತ್ತು ವರ್ಷ ಬಸ್ಸು ಓಡಿಸಿದೀನಿ ಅಂತ ಹೇಳ್ಕೋತೀಯ."

ಅಂಗಡಿಯ ಒಬ್ಬನನ್ನು ಕೇಳಿದೆವು. ನಗುತ್ತಲೇ "ಹನ್ನೊಂದನೇ ಸಾಲು, ಎಡಗಡೆ" ಎಂದು ಹೇಳಿ ಮಾಯವಾದ. ಹನ್ನೊಂದನೇ ಸಾಲಿನಲ್ಲಿ ಕಂಬಿಗಳಿದ್ದವು, ಮನುಷ್ಯರಿರಲಿಲ್ಲ. ಅವುಗಳಲ್ಲಿ ಒಂದರ ಎರಡೂ ತುದಿಗೆ ರಬ್ಬರಿನ ಬಟ್ಟಲು. ಗೋಡೆಗೆ ಒತ್ತಿದರೆ ಹಲ್ಲಿಯ ಹಾಗೆ ಕಚ್ಚಿ ಕೂರುತ್ತದಂತೆ. ತೂತು ಬೇಡ, ಮೊಳೆ ಬೇಡ. ಭಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮನೆಗೆ ಬಂದು ದಾರದ ಗಂಟಿಗೆ ಸರಿಯಾಗಿ ಅಂಟಿಸಿದೆವು. ಭಾವ ಅದನ್ನು ಹಿಡಿದು ಮೈಭಾರ ಬಿಟ್ಟರು. ಎರಡು ಉಸಿರಿನಷ್ಟು ಹೊತ್ತು ನಿಂತಿತು. ಮೂರನೆಯದಕ್ಕೆ ಪಟ್ಟೆಂದು ಬಿಟ್ಟಿತು. ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತರು. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಅವರು ಬಿದ್ದ ಜಾಗದಲ್ಲಿ ಯಾರು ಬೀಳಬೇಕಾಗಿತ್ತು ಎನ್ನುವುದು ಇಬ್ಬರಿಗೂ ಹೊಳೆಯಿತು. ಮತ್ತೆ ನಗು ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಅದನ್ನು ವಾಪಸು ಕೊಟ್ಟೆವು. ಅಕ್ಕನ ವಿಷಯ ಹೇಳಿದೆವು. ಕೌಂಟರಿನ ಹೆಂಗಸು ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಕೊಂಡು, "ಮನೆಯವರು ಬೇಗ ಹುಷಾರಾಗ್ಲಿ" ಎಂದಳು. ಇದನ್ನೂ ಹೇಳಬೇಕು. ಹೇಳದಿದ್ದರೆ ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತದೆ.

ಆಮೇಲೆ ಸೇತುವೆ ದಾಟಿದೆವು. ಆಚೆ ಅಂಗಡಿಯಲ್ಲಿ ಹಾಡಿಲ್ಲ, ದೀಪಗಳೂ ಮಂಕು, ನೆಲದ ಮೇಲೆ ಸಿಮೆಂಟಿನ ಧೂಳು. ಭಾವ ಮೂಗು ಮುರಿದರು. ಬೋಲ್ಟುಗಳ ಸಾಲಿನಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಸಣ್ಣ ಏಣಿಯ ಮೇಲೆ ಕೂತು ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಳು. ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು. ನಾವು ಕೇಳುವ ಮೊದಲೇ ಅವಳೇ ಕೇಳಿದಳು.

"ಏನಾಗ್ಬೇಕು ಯಜಮಾನ್ರೇ?"

"ಬಚ್ಚಲಿಗೆ ಹಿಡ್ಕೊಳ್ಳೋ ಕಂಬಿ."

"ಟೈಲ್ಸ್ ಹಿಂದೆ ಏನಿದೆ? ಇಟ್ಟಿಗೆನೋ, ಹಲಗೆನೋ?"

ನಮ್ಮಿಬ್ಬರಿಗೂ ಗೊತ್ತಿಲ್ಲ. ಅವಳು ಕೆಳಗಿಳಿದು, ಅಂಗಡಿಯ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದಳು. ಆಮೇಲೆ ಪಕ್ಕದ ಹಲಗೆಗೆ ಬಡಿದಳು. "ಹೀಗೆ ದಪ್ಪ ಸದ್ದು ಬಂದ್ರೆ ಇಟ್ಟಿಗೆ. ಹೀಗೆ ಟೊಳ್ಳು ಬಂದ್ರೆ ಹಲಗೆ." ಭಾವನ ಮುಖ ಅರಳಿತು. ನಿನ್ನೆ ಕಂಬಿ ಅಂಟಿಸುವಾಗ ಅಂಗೈಯಲ್ಲಿ ಗುದ್ದಿದ್ದ ಸದ್ದು ಅವರಿಗೆ ನೆನಪಿತ್ತು. "ಇಟ್ಟಿಗೆ ತಾಯಿ. ಖಂಡಿತ ಇಟ್ಟಿಗೆ."

ಅವಳು ಇಪ್ಪತ್ತು ವರ್ಷ ಗಂಡನ ಜೊತೆ ಟೈಲ್ಸು ಕೂರಿಸಿದವಳಂತೆ. ಮಂಡಿ ಕೈಕೊಟ್ಟ ಮೇಲೆ ಅಂಗಡಿಗೆ ಸೇರಿದಳಂತೆ. ಕಂಬಿ ಆರಿಸಿಕೊಟ್ಟಳು. ಬಿಗಿಸಿದಷ್ಟೂ ಗೋಡೆಯೊಳಗೆ ಹಿಗ್ಗಿ ಕೂರುವ ಆಂಕರ್ ಬೋಲ್ಟುಗಳನ್ನು ಒಂದೊಂದಾಗಿ ನೋಡಿ ಎಣಿಸಿಕೊಟ್ಟಳು. ಟೈಲ್ಸು ಕೊರೆಯುವ ಡ್ರಿಲ್ ಮೊನೆಯನ್ನೂ ಕೊಟ್ಟಳು. ನಾವು ಹೊರಟೇಬಿಟ್ಟಿದ್ದೆವು.

"ಎತ್ತರ ನೋಡ್ಕೊಂಡ್ರಾ?"

ಭಾವ ಹೆಮ್ಮೆಯಿಂದ ದಾರ ತೆಗೆದು ನೆಲಕ್ಕೆ ಬಿಟ್ಟು ಗಂಟು ತೋರಿಸಿದರು. ಅವಳು ಗಂಟು ನೋಡಿದಳು. ಆಮೇಲೆ ತಲೆಯೆತ್ತಿ ಭಾವನನ್ನು ನೋಡಿದಳು.

"ಇದು ಯಾರ ಅಳತೆ?"

"ನನ್ನದು."

"ಹಿಡ್ಕೊಳ್ಳೋರು ಯಾರು?"

"ನಮ್ಮ ಮನೆಯವಳು."

"ಅವರು ಎಷ್ಟೆತ್ತರ?"

ಭಾವ ತಮ್ಮ ಎದೆಯ ಹತ್ತಿರ ಕೈ ತಂದರು. ಕೈ ಅಲ್ಲೇ ನಿಂತಿತು.

ನಾನು ಅವರ ಮುಖ ನೋಡಲಿಲ್ಲ, ನೋಡಲಾಗಲಿಲ್ಲ. ಕುರ್ಚಿ ಮಾಡಿಸಲು ಬಂದವರನ್ನೆಲ್ಲ ಕೂರಿಸಿ, ನಿಲ್ಲಿಸಿ, ಮೊಣಕಾಲಿಗೆ ದಾರ ಹಿಡಿದು ಗಂಟು ಹಾಕಿದ ಮನುಷ್ಯ. ಅವರ ಕುರ್ಚಿಯಲ್ಲಿ ಕೂತವರು ಬೆನ್ನುನೋವೆಂದು ಹೇಳಿದ್ದನ್ನು ನಾನು ಕೇಳಿಲ್ಲ. ಗಿರಾಕಿಗೆ ಗಿರಾಕಿಯ ಅಳತೆ, ಮನೆಗೆ ಮಾತ್ರ ತನ್ನ ಅಳತೆ. ಅಡುಗೆಮನೆಯ ಹಲಗೆಗಳನ್ನು ಮದುವೆಯಾದ ವರ್ಷ ತಾವೇ ಕೂರಿಸಿದ್ದರು. ನಲವತ್ತೆರಡು ವರ್ಷ ಅಕ್ಕ ಸ್ಟೂಲು ಹತ್ತಿ ಇಳಿದಿದ್ದಳು. ಒಂದು ದಿನವೂ ಎತ್ತರವಾಯಿತು ಎಂದಿರಲಿಲ್ಲ.

"ಆ ಹಲಗೆ..." ಎಂದರು ಭಾವ. ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು.

ಆ ಹೆಂಗಸು ಏನು ಅರ್ಥಮಾಡಿಕೊಂಡಳೋ ದೇವರೇ ಬಲ್ಲ. ಮೆಲ್ಲಗೆ ಹೇಳಿದಳು: "ಅವರನ್ನ ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಿಸಿ. ಕೈ ಕೆಳಗೆ ಬಿಡ್ಲಿ. ಮಣಿಕಟ್ಟು ಎಲ್ಲಿಗೆ ಬರುತ್ತೋ ಅಲ್ಲಿಗೆ ಗಂಟು ಹಾಕಿ. ಯಾವ ಕೈ ಗಟ್ಟಿ ಅಂತಾನೂ ಕೇಳಿ. ಕಂಬಿ ಆ ಕಡೆ ಬರಬೇಕು."

ಅಲ್ಲಿಂದ ನೇರ ಆಸ್ಪತ್ರೆಗೆ. ಫಿಸಿಯೋ ಮೇಡಂ ಅಕ್ಕನ ಬೆನ್ನಿಗೆ ಒಂದು ಕೈ ಕೊಟ್ಟು ನಿಲ್ಲಿಸಿದರು. ಆರಡಿ ಎರಡಂಗುಲದ ಮನುಷ್ಯ ವಾರ್ಡಿನ ನೆಲದ ಮೇಲೆ ಮಂಡಿಯೂರಿ ಕೂತು, ದಾರದ ಒಂದು ತುದಿಯನ್ನು ಅವಳ ಚಪ್ಪಲಿಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಏನ್ರೀ ಇದು?" ಎಂದಳು ಅಕ್ಕ.

"ಸುಮ್ನೆ ನಿಂತ್ಕೋ. ಅಳತೆ."

ಅಕ್ಕ ಪಕ್ಕದ ಹಾಸಿಗೆಯವಳ ಕಡೆ ತಿರುಗಿದಳು. "ನೋಡಿ, ಮದುವೆಯಾಗಿ ನಲವತ್ತೆರಡು ವರ್ಷಕ್ಕೆ ಈಗ ನನ್ನ ಅಳತೆ ತಗೋತಾ ಇದಾರೆ."

ವಾರ್ಡೆಲ್ಲ ನಕ್ಕಿತು. ಭಾವ ನಗಲಿಲ್ಲ. "ತಪ್ಪಾಯ್ತು ಕಣೆ" ಎಂದರು, ತಲೆಯೆತ್ತದೆ. ಅಕ್ಕನ ಬಲಗೈ ಒಂದು ಗಳಿಗೆ ಅವರ ನರೆತ ತಲೆಯ ಮೇಲೆ ಊರಿತು, ಆಯ ತಪ್ಪದಿರಲೆಂದೋ, ಇನ್ನೇತಕ್ಕೋ. ಗಂಟು ಬಿತ್ತು. ಹಳೆಯ ಗಂಟಿಗಿಂತ ಒಂದು ಗೇಣು ಕೆಳಗೆ.

ಬುಧವಾರ ಬೆಳಿಗ್ಗೆ ಎದ್ದು, ದೇವರಿಗೆ ಕೈಮುಗಿದು, ಬಚ್ಚಲಿಗೆ ಹೋದೆವು. ಕೊರೆಯುವ ಜಾಗಕ್ಕೆ ಪೇಪರ್ ಟೇಪು ಅಂಟಿಸಿ, ಮೊದಲು ನಿಧಾನ, ಆಮೇಲೆ ಜೋರು ಎಂದು ಆ ಹೆಂಗಸು ಹೇಳಿದ್ದಳು. ಭಾವ ಡ್ರಿಲ್ ಹಿಡಿದರು, ನಾನು ಗೋಡೆಗೆ ನೀರು ಬಿಟ್ಟೆ. ಮೊದಲ ತೂತಿಗೆ ಇಬ್ಬರೂ ಉಸಿರು ಕಟ್ಟಿದ್ದೆವು. ಬಿರುಕು ಬಿಡಲಿಲ್ಲ. ಆರನೆಯದಕ್ಕೆ ಬರುವ ಹೊತ್ತಿಗೆ ಭಾವ ಗುನುಗುತ್ತಿದ್ದರು.

ಹನ್ನೆರಡಕ್ಕೆ ಸರಿಯಾಗಿ ಫಿಸಿಯೋ ಮೇಡಂ ಬಂದರು. ಮಾತಿಲ್ಲ ಕತೆಯಿಲ್ಲ, ಚೀಲ ಕೆಳಗಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು ಹಿಂದಕ್ಕೆ ಜೋತುಬಿದ್ದರು. ಕಂಬಿ ಅಲುಗಲಿಲ್ಲ. ಮತ್ತೆ ಜಗ್ಗಿದರು. ಆಮೇಲೆ ತಮ್ಮ ಟೇಪಿನಿಂದ ಎತ್ತರ ಅಳೆದು, ಪುಸ್ತಕ ನೋಡಿ, "ನಾನು ಬರ್ಕೊಂಡಿದ್ದೂ ಇಷ್ಟೇ" ಎಂದರು. "ಯಾರು ಹೇಳಿಕೊಟ್ರು?"

"ಬೋಲ್ಟಿನ ಸಾಲಿನಲ್ಲಿ ಒಬ್ಬ ತಾಯಿ" ಎಂದರು ಭಾವ.

ಆ ಮಧ್ಯಾಹ್ನ ಅವರು ಸುಮ್ಮನೆ ಕೂರಲಿಲ್ಲ. ಅಡುಗೆಮನೆಗೆ ಹೋಗಿ ಹಲಗೆಗಳನ್ನೆಲ್ಲ ಬಿಚ್ಚಿ ಕೆಳಕ್ಕೆ ಕೂರಿಸಿದರು. ನಾನು ಡಬ್ಬಿಗಳನ್ನು ಇಳಿಸಿಕೊಟ್ಟೆ. ಏನು ಅಳತೆ ಎಂದು ನಾನು ಕೇಳಲಿಲ್ಲ, ದಾರ ಅವರ ಹೆಗಲ ಮೇಲೇ ಇತ್ತು. ಸಂಜೆ ಮರದ ಪುಡಿ ಗುಡಿಸುತ್ತಾ ಅವರು ಹೇಳಿದರು: "ಆ ತಾಯಿ ಹೆಸರೇನು ಅಂತ ಕೇಳಲೇ ಇಲ್ಲ ಮೈದುನ."

"ಇನ್ನೊಂದು ಸಲ ಹೋದಾಗ ಕೇಳೋಣ."

"ಹೋಗೋಣ. ಆದ್ರೆ ನೀನು ಟ್ರಾಲಿ ಮುಟ್ಟಬೇಡ."

ಯಾವ ಅಂಗಡಿ ಮೇಲು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ. ಒಂದು ಅಂಗಡಿ ನಮ್ಮ ತಪ್ಪನ್ನು ಮುಖ ಸಿಂಡರಿಸದೆ ವಾಪಸು ತೆಗೆದುಕೊಂಡಿತು. ಇನ್ನೊಂದು ನಮ್ಮ ತಪ್ಪು ಯಾವುದೆಂದು ತೋರಿಸಿತು. ಎರಡಕ್ಕೂ ದೇವರು ಒಳ್ಳೆಯದು ಮಾಡಲಿ. ಆದರೂ ಈಗ ಮೊಳೆ ಬೇಕಾದರೂ ನಾವು ಸೇತುವೆ ದಾಟುತ್ತೇವೆ.

ಗುರುವಾರ ಹತ್ತೂವರೆಗೆ ಅಕ್ಕ ಮನೆಗೆ ಬಂದಳು. ಹೊಸ್ತಿಲಲ್ಲಿ ಕ್ಷಣ ನಿಂತು ಹಜಾರದ ಗೋಡೆಯ ಬಿಸಿಲು ನೋಡಿದಳು. ವಾಕರ್ ಊರುತ್ತಾ ನೇರ ಬಚ್ಚಲಿಗೆ ನಡೆದಳು. ಭಾವ ಹಿಂದೆಯೇ ಹೋದರು. ಅವಳು ಬಾಗಿಲು ಹಾಕಿಕೊಂಡಳು.

ನಾವಿಬ್ಬರೂ ಹೊರಗೆ ನಿಂತೆವು. ವಾಕರ್ ಪಕ್ಕಕ್ಕೆ ಇಟ್ಟ ಸದ್ದು. ಭಾವನ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೇ ಇರಬೇಕು. ಕಂಬಿಯ ಮೇಲೆ ಬಳೆ ತಾಗಿದ ಸಣ್ಣ ಸದ್ದು ಕೇಳಿಸಿತು. ಅದರ ಹಿಂದೆಯೇ ನಲ್ಲಿಯ ನೀರು ಬಿದ್ದಿತು.

"ಸರಿಯಾಗಿದೆಯೇನೇ?" ಎಂದರು ಭಾವ, ಬಾಗಿಲಿಗೆ ಬಾಯಿ ಹತ್ತಿರ ತಂದು.

"ಕೈಗೇ ಸಿಗುತ್ತೆ" ಎಂದಳು ಅಕ್ಕ ಒಳಗಿನಿಂದ. "ಈಗ ಇಬ್ರೂ ಆ ಕಡೆ ಹೋಗಿ ಕೂತ್ಕೊಳ್ಳಿ. ಇಪ್ಪತ್ತೆರಡು ದಿನ ಆಯ್ತು ನಾನು ಒಬ್ಳೇ ಇದ್ದು."