ಅತ್ತೆ ಗುಡಿಸಿದ ಹೊಲ

ಬಟಾಣಿ ಈ ಸಲವೂ ಮೇಲೇಳಲಿಲ್ಲ. ಬೀಜಕ್ಕೆ ಬ್ಯಾಕ್ಟೀರಿಯಾದ ಪುಡಿ ಹಚ್ಚಿ ಬಿತ್ತಿದ್ದೂ ಆಯಿತು, ಗಿಡ ಹಳದಿಗೆ ತಿರುಗಿತು. ಮಣ್ಣು ಸತ್ತಿದೆ ಎಂದ ಇಟ್ಟಿಗೆ ಗೂಡಿನ ಯಜಮಾನ. ಸತ್ತ ಮಣ್ಣನ್ನು ಮೊಣಕಾಲುದ್ದ ಅಗೆದೊಯ್ಯಲು ತಾನೇ ಮುಂದಾದ. ಮನೆಯ ಮಗ ಒಪ್ಪಿದ್ದ. ಹೊಲದೊಡತಿ ಅತ್ತೆ ಹ್ಞೂಂ ಅನ್ನುವುದೊಂದೇ ಬಾಕಿ.

ಸೊಸೆ ಮಣ್ಣು ಪರೀಕ್ಷೆಯವಳನ್ನು ಕರೆತಂದಳು. ಅತ್ತೆಗೆ ಅದು ಹಿಡಿಸಲಿಲ್ಲ. ಕೊಯ್ಲು ಮುಗಿದೊಡನೆ ಒಂದೆಲೆ ಬಿಡದೆ ಗುಡಿಸಿ, ಗುಡ್ಡೆ ಹಾಕಿ ಸುಡುವುದು ಅವರ ಹೆಮ್ಮೆ. ನೆಲ ಬಡವಾದಂತೆಲ್ಲ ಮಗ ಯೂರಿಯಾ ಹೆಚ್ಚಿಸುತ್ತಿದ್ದ.

"ನಿನ್ನ ಮನೆ ಅಂಗಳಾನೂ ಇಷ್ಟು ಚೊಕ್ಕವಾಗಿರಲ್ಲ, ನೋಡ್ಕೊಳ್ಳಮ್ಮ," ಎಂದು ಅತ್ತೆ ಕುಟುಕಿದರು.

ಪರೀಕ್ಷೆಯವಳು ಎರಡು ಗಿಡ ಬೇರುಸಮೇತ ಅಗೆದಳು. ಹೊಲದ ನಡುವಿನ ಗಿಡದ ಬೇರು ಬೋಳು. ಇನ್ನೊಂದು ಬೇಲಿಯ ಬುಡದ್ದು; ಅಲ್ಲಿಗೆ ಪೊರಕೆ ತಾಗುತ್ತಿರಲಿಲ್ಲ, ಉದುರಿದೆಲೆ ಅಲ್ಲೇ ಕೊಳೆಯುತ್ತಿತ್ತು. ಅದರ ಬೇರಿನ ತುಂಬ ಸಣ್ಣ ಗಂಟು. ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು.

"ರೋಗ," ಎಂದ ಮಗ.

"ಅಲ್ಲಣ್ಣ. ಬ್ಯಾಕ್ಟೀರಿಯಾ ಕಟ್ಟಿಕೊಂಡಿರೋ ಮನೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸ್ತವೆ. ಒಳಗೆ ಕೆಂಪಿದ್ರೆ ಅವು ದುಡೀತಿವೆ ಅಂತ."

ಬೀಜ ಒಂದೇ, ಪುಡಿ ಒಂದೇ, ಬೇರೆಯಾದದ್ದು ನೆಲ. ಪರೀಕ್ಷಿಸಿದರೆ ನಡುವಿನ ಮಣ್ಣು ವಿಪರೀತ ಹುಳಿ, ಎಂದರೆ ಆಮ್ಲೀಯ. ವರ್ಷಗಟ್ಟಲೆ ಬಿದ್ದ ಯೂರಿಯಾ ಹುಳಿಯೇರಿಸಿದೆ. ಕೊಳೆತ ಎಲೆಯಿಲ್ಲದೆ ತೇವ ನಿಂತಿಲ್ಲ, ನೆಲ ಬಿಗಿದು ಗಾಳಿಯಾಡುತ್ತಿಲ್ಲ. ಇಂಥಲ್ಲಿ ಈ ಜೀವಿಗಳು ಉಳಿಯುವುದು ಕಷ್ಟ ಎಂದಳು.

ಅತ್ತೆ ಬೋಳು ಬೇರನ್ನು ಕೈಗೆತ್ತಿಕೊಂಡರು. "ಹಾಗಾದ್ರೆ ಅವುಗಳ ಅನ್ನಕ್ಕೆ ಬೆಂಕಿ ಇಟ್ಟಿದ್ದು ನಾನೇನಾ?"

ಸರಿಹೋಗಲು ಎಷ್ಟು ಕಾಲ ಬೇಕೆಂದು ಮಗ ಗೊಣಗಿದ.

"ಒಂದು ಬೆಳೆಗೆ ಆಗಲ್ಲ. ಮೇಲ್ಮಣ್ಣು ಹೋದ್ರೆ ಮಾತ್ರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ," ಎಂದಳು ಪರೀಕ್ಷೆಯವಳು.

ಗೂಡಿನ ಯಜಮಾನ ಗುದ್ದಲಿ ಹಿಡಿದು ಆಳುಗಳೊಂದಿಗೆ ಬಂದಾಗ ಅತ್ತೆ ಹೊಲದ ಬಾಯಲ್ಲೇ ನಿಂತಿದ್ದರು.

"ಸತ್ತಿದ್ದನ್ನ ಹೊತ್ಕೊಂಡು ಹೋಗೋಕೆ ನಿಂಗ್ಯಾಕಪ್ಪ ಇಷ್ಟು ಅವಸರ? ಇದು ಸತ್ತಿಲ್ಲ, ಹಸಿದಿದೆ. ನಡಿ."

ಮಗ ಅವರ ಹಿಂದೆಯೇ ನಿಂತಿದ್ದ. ಅವನ ಬುಟ್ಟಿಯಲ್ಲಿ ಕೊಳೆತ ಗೊಬ್ಬರವಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿಯಿದ್ದರೆ ಪರೀಕ್ಷೆಯವರು ಹೇಳಿದಷ್ಟೇ ಸುಣ್ಣ ಹಾಕಿ. ಎಲೆ, ಕಡ್ಡಿ ಸುಡಬೇಡಿ, ಕೊಳೆಸಿ ನೆಲಕ್ಕೇ ಕೊಡಿ. ಬ್ಯಾಕ್ಟೀರಿಯಾದ ಪುಡಿಯನ್ನು ನೆರಳಲ್ಲಿ ಬೀಜಕ್ಕೆ ಹಚ್ಚಿ, ತೇವವಿರುವ ನೆಲಕ್ಕೆ ಬಿತ್ತಿ. ನಿಮ್ಮ ಮಣ್ಣು ಸತ್ತಿದೆ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಒಂದು ಗಿಡ ಅಗೆದು ಬೇರು ನೋಡಿ. ಆಮೇಲೆ, ಹೇಳಿದವನ ಕೈಯಲ್ಲಿ ಏನಿದೆ ಎಂದೂ ನೋಡಿ.