ಕಿರುಬೆರಳು

ಅಪ್ಪನ ಎದೆಯ ಮೇಲೆ, ಕಿರುಬೆರಳಿಲ್ಲದ ಆ ಬಲಗೈಯ ಕೆಳಗೆ ಇಟ್ಟಿದ್ದ ಉಳಿಗಳ ಚೀಲವನ್ನು ರಕ್ಷಾ ಎಳೆದಳು. ಚಿಕ್ಕಪ್ಪ ಹೂವಯ್ಯ ಅವಳ ಮಣಿಕಟ್ಟು ಹಿಡಿದ.

“ಎಂತ ಹುಚ್ಚಾಟ ಇದು? ಉಳಿ ಹಿಡಿಯೋ ಕೈ ಮನೇಲಿ ಇಲ್ಲ ಅಂದ್ರೆ ಉಳೀನೂ ಚಿತೆಗೇ ಹೋಗ್ಬೇಕು. ನಮ್ಮನೆ ಪದ್ಧತಿ. ಅಣ್ಣನ ನಂತರ ಯಾರಿದಾರೆ?”

“ನಾನಿದೀನಿ.”

ಅಂಗಳದಲ್ಲಿ ಯಾರೋ ಮೂಗು ಮುರಿದರು. ಸತ್ತ ಮನೆಯಲ್ಲಿ ಅಳುವವರಿಗಿಂತ ಶಾಸ್ತ್ರ ಹೇಳುವವರೇ ಜಾಸ್ತಿ. ಈ ಹೂವಯ್ಯನೋ, ಉಳಿ ಬಿಟ್ಟು ಸಾಗರದ ಪೇಟೆಯಲ್ಲಿ ಬೇಕರಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಚಟ್ಟ ಸಿದ್ಧವಿತ್ತು. ಹೆಂಗಸರು ಸ್ಮಶಾನಕ್ಕೆ ಹೋಗುವಂತಿಲ್ಲ. ಹೆಣ ಎತ್ತಿದರೆ ಉಳಿಗಳೂ ಹೋದ ಹಾಗೆಯೇ.

“ನಾಲ್ಕು ವರ್ಷದಿಂದ ಕೆತ್ತಿದ್ದೆಲ್ಲ ನಾನು, ಚಿಕ್ಕಪ್ಪ. ಅಪ್ಪಂಗೆ ಕೈ ನಡುಗ್ತಿತ್ತು.”

“ಹೆಣದ ಮುಂದೆ ಸುಳ್ಳು ಹೇಳ್ಬೇಡ ಕಣೇ!”

*

ಕೈ ನಡುಗಲು ಶುರುವಾದ ದಿನ ಅಪ್ಪ ಶಂಭು ಕೆಲಸದ ಕೋಣೆಯ ಬಾಗಿಲು ಹಾಕಿದ್ದ. “ಯಾರಿಗೂ ಹೇಳ್ಬೇಡ ಮಗಾ, ಮರ್ಯಾದೆ ಪ್ರಶ್ನೆ. ನೀ ಕೆತ್ತು, ನಾ ನೋಡ್ತೀನಿ.” ಅವನು ಹಿಡಿದು ತೋರಿಸಿದಂತೆಯೇ ಅವಳು ಸಣ್ಣವಳಿದ್ದಾಗಿನಿಂದ ಉಳಿ ಹಿಡಿದವಳು.

ಕಳೆದ ತಿಂಗಳು ಮರಗೆತ್ತನೆ ತರಬೇತಿ ಕೇಂದ್ರದ ಆರತಿ, ಶಂಭುವಿನ ಕೈಕೆಲಸ ದಾಖಲಿಸಲೆಂದು ಒಂದು ಕ್ಯಾಮೆರಾ ತಂದಳು. ಅದು ಕೈಯ ದೂರ, ಆಳ ಅಳೆದು, ಬೆರಳಿನ ಗಂಟುಗಳನ್ನು ಚುಕ್ಕಿ ಮಾಡಿ ಗೆರೆ ಎಳೆಯುತ್ತದೆ. ಮುಖ ಕಾಣುವುದಿಲ್ಲ.

“ಯಾರಾದ್ರೂ ನೋಡ್ತಿದ್ರೆ ನಂಗೆ ಕೈ ಓಡಲ್ಲ, ಹೊರಗಿರಿ” ಎಂದು ಶಂಭು ಅವಳನ್ನು ಕಳಿಸಿದ. ಆಮೇಲೆ ಕ್ಯಾಮೆರಾದ ಮುಂದೆ ಮಗಳನ್ನು ಕೂರಿಸಿದ.

*

ಬೆಳಿಗ್ಗೆ ರಕ್ಷಾ ಫೋನಿನಲ್ಲಿ ನಿಜ ಹೇಳಿದ್ದಕ್ಕೆ ಆರತಿ ಲ್ಯಾಪ್‌ಟಾಪ್ ತಂದಿದ್ದಳು. ಜಗುಲಿಯ ಮೇಲಿಟ್ಟು ತೆರೆದಳು. ಗೆರೆಗಳ ಕೈಯೊಂದು ಉಳಿ ತಳ್ಳುವಂತೆ ಚಲಿಸಿತು.

ಹೂವಯ್ಯ ಕೂಗಿದ: “ಎಣಿಸ್ಕೊಳ್ಳಿ! ಕಿರುಬೆರಳೇ ಇಲ್ಲ. ಅಣ್ಣಂದು ಇವ್ಳು ಹುಟ್ಟೋ ಮೊದ್ಲೇ ಗರಗಸಕ್ಕೆ ಹೋಗಿತ್ತಲ್ಲ! ಇದು ಅಣ್ಣನ ಕೈಯೇ.”

ಹೌದೌದು ಎಂದರು ಸುತ್ತಲಿನವರು. ರಕ್ಷಾ ಪರದೆಯತ್ತ ಬಾಗಿದಳು. ಅವಳಿಗೂ ಅಲ್ಲಿ ನಾಲ್ಕೇ ಬೆರಳು ಕಂಡವು.

“ತಡೀರಿ, ಒಳಗಡೆ ತಿರುಗಿಸ್ತೀನಿ” ಎಂದಳು ಆರತಿ. ಪರದೆಯ ಕೈ ಮೆಲ್ಲಗೆ ಹೊರಳಿ ಅಂಗೈ ತೋರಿಸಿತು. “ಇಲ್ಲಿದೆ ನೋಡಿ. ಪೂರ್ತಿ ಬೆರಳು. ಮಡಚಿಕೊಂಡಿದೆ ಅಷ್ಟೇ.”

“ಐದು ಬೆರಳಿರೋಳು ಒಂದನ್ನ ಯಾಕೆ ಮಡಚ್ತಾಳೆ ಮಾರಾಯ್ತಿ?”

ಆರತಿ ರಕ್ಷಾಳತ್ತ ತಿರುಗಿದಳು. ರಕ್ಷಾ ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡಳು.

ಹೂವಯ್ಯ ಚೀಲದಿಂದ ಒಂದು ಉಳಿ ಕಿತ್ತು ಅವಳ ಮುಂದೆ ಚಾಚಿದ. “ಹಿಡಿ, ನೋಡೋಣ.”

ರಕ್ಷಾ ಕಣ್ಣೊರೆಸಿಕೊಂಡು ಹಿಡಿದಳು. ಹೆಬ್ಬೆರಳು ಹಿಡಿಕೆಗೆ ಒತ್ತಿತು, ಮೂರು ಬೆರಳು ಸುತ್ತಿಕೊಂಡವು. ಕಿರುಬೆರಳು ಮಾತ್ರ, ಯಾರೂ ಹೇಳದೆಯೇ, ಅಂಗೈಯೊಳಗೆ ಮಡಚಿಕೊಂಡಿತು.

ಹೂವಯ್ಯ ಅವಳ ಕೈ ನೋಡಿದ. ಅಣ್ಣನ ಕೈ ನೋಡಿದ. ಆಮೇಲೆ ಬಗ್ಗಿ, ಆ ನಾಲ್ಕು ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಕೆಳಗಿನಿಂದ ಚೀಲ ಬಿಡಿಸತೊಡಗಿದ.