ಯಜಮಾನರ ನಂಬರು

ಅಬ್ದುಲ್ ಜಲೀಲರ ಮನೆಯಲ್ಲಿ ಸಭೆ ಇದ್ದ ದಿನ ಹಾಜರಾ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ನಿಲ್ಲಿಸುವುದು ರೂಢಿ. ಜಲೀಲರ ಹೆಂಡತಿ ಫಾತಿಮತ್ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ್ದು ಸೌದಿಯ ಇಡೀ ರಾಬಿಗ್‌ನಲ್ಲಿ ಯಾರಿಗೂ ನೆನಪಿಲ್ಲ. ಆ ಶುಕ್ರವಾರ ಜಲೀಲರು ಬಾಗಿಲಲ್ಲೇ ಕಾದು ನಿಂತಿದ್ದರು. ಮಿಕ್ಕವರೆಲ್ಲ ಕೆಳಗೆ ಹಾಸಿನ ಮೇಲೆ ಕೂತಿದ್ದರೆ, ಹಾಜರಾಳ ಮೊಣಕಾಲು ನೋವನ್ನು ನೆನಪಿಟ್ಟು ಅವಳಿಗೊಂದು ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಇಟ್ಟಿದ್ದರು. ಯಾರೂ ಹೇಳದೆ ಮಾಡುವ ಇಂಥ ಉಪಕಾರಗಳನ್ನು ಹಾಜರಾ ಮರೆಯುವವಳಲ್ಲ. ರಿಫೈನರಿಯಲ್ಲಿ ದಿನವಿಡೀ ಬೆಂಕಿಯ ಬುಡದಲ್ಲಿ ದುಡಿದು ಬರುವ ಮನುಷ್ಯ ಮನೆಯಲ್ಲಿ ಇಷ್ಟು ಮೆತ್ತಗೆ ಇರುವುದು ಹೇಗೆ ಎಂದು ಅವಳಿಗೆ ಸೋಜಿಗ.

ಹಾಜರಾ ಭಟ್ಕಳದವಳು. ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ತಲೆಗೂದಲು ಹಣ್ಣಾಗಿತ್ತು. ಕಳೆದ ವರ್ಷ ಜಿದ್ದಾದ ಮಹಿಳಾ ಸಂಸ್ಥೆಯೊಂದು ಸ್ತನ ಕ್ಯಾನ್ಸರ್ ತಪಾಸಣೆಯ ವ್ಯಾನನ್ನು ರಾಬಿಗ್‌ಗೆ ಕಳಿಸಿದಾಗ ಕರಾವಳಿಯ ಕುಟುಂಬಗಳ ಹೆಂಗಸರನ್ನು ಒಟ್ಟುಮಾಡಿದವಳು ಅವಳೇ. ಈ ವರ್ಷ ಹೈದರಾಬಾದಿನವರು, ಕೇರಳದವರು, ಮನೆಗೆಲಸದ ಹೆಂಗಸರು ಎಲ್ಲರನ್ನೂ ಸೇರಿಸಬೇಕೆಂದು ಸಂಸ್ಥೆ ಹೇಳಿತ್ತು. ಅದರ ಯೋಜನೆಗೇ ಈ ಸಭೆ.

"ಹೋದ ಸಲ ವ್ಯಾನ್ ಬಂದ ದಿನ ಅರ್ಧ ಹೆಂಗಸರಿಗೆ ತಲೆನೋವು ಮಾರಾಯ್ರೆ," ಎಂದರು ಇಲ್ಲಿಯ ಕರಾವಳಿಯವರ ಸಂಘದ ಅಧ್ಯಕ್ಷ ಮೊಹಿದ್ದೀನ್. ಪೇಟೆಯಲ್ಲಿ ಅವರದೊಂದು ಬಟ್ಟೆಯಂಗಡಿ. "ನನ್ನ ಮನೆಯವಳಿಗಂತೂ ವ್ಯಾನಿನ ಬಣ್ಣ ನೋಡಿಯೇ ಜ್ವರ ಬಂತು."

"ನಿಮಗೆ ಬಿಲ್ ನೋಡಿದರೆ ಬರುವ ಹಾಗೆ," ಎಂದಳು ಹಾಜರಾ. ಎಲ್ಲರೂ ನಕ್ಕರು.

"ಆಪಾ, ತಮಾಷೆ ಬಿಡಿ," ಎಂದರು ಮೊಹಿದ್ದೀನ್. "ಕರೆಯುವುದು ಹೇಗೆ? ಸಂಘದಲ್ಲಿ ಎಲ್ಲ ಮನೆಯ ಯಜಮಾನರ ನಂಬರು ಉಂಟು. ಹೋದ ವರ್ಷದ ಹಾಗೆ ಅದಕ್ಕೇ ಮೆಸೇಜು, ರಿಸಲ್ಟಿನ ಫೋನೂ ಅದಕ್ಕೇ. ತೊಂದರೆ ಇದ್ದವರಿಗೆ ಮಾತ್ರ ಫೋನು. ಒಂದು ಮನೆಗೆ ಒಂದು ನಂಬರು, ತಲೆಬಿಸಿ ಇಲ್ಲ."

ಹಾಜರಾ ತಲೆಯಾಡಿಸಿದಳು. ಹೆಂಗಸರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಗಂಡಂದಿರ ಇಕಾಮಾದ ಕೆಳಗೆ, ಸಿಮ್ ಗಂಡಂದಿರ ಹೆಸರಿನಲ್ಲಿ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂದು ಅವಳಿಗೂ ಅನ್ನಿಸಿತು. ಅವಳ ತಲೆಯಲ್ಲಿದ್ದದ್ದು ಬೇರೆ. "ನಾವು ಹೇಳಿದರೆ ಅದು ಭಾಷಣವಾಗ್ತದೆ. ಹೋಗಿ ಬಂದವಳು ಯಾರಾದರೂ ಎದ್ದು ನಿಂತು ಹೇಳಬೇಕು."

"ನಾನು ಹೇಳ್ತೇನೆ!" ಅಡುಗೆಮನೆಯಿಂದ ಫಾತಿಮತ್‌ಳ ದನಿ ಬಂತು. ಹಿಂದೆಯೇ ಗೋಳಿಬಜೆಯ ತಟ್ಟೆ ಹಿಡಿದು ಅವಳೂ ಬಂದಳು. ದುಂಡು ಮುಖ, ಎಣ್ಣೆಯ ಬಿಸಿಗೆ ಕೆಂಪೇರಿದ ಕೆನ್ನೆ. "ಎರಡು ನಿಮಿಷದ ಕೆಲಸ. ಹಿಡಿದು ಒತ್ತುತ್ತಾರೆ, ಸ್ವಲ್ಪ ನೋವು ಉಂಟು. ಆಮೇಲೆ ಎಂತದೂ ಇಲ್ಲ. ನನಗೆ ಫೋನೇ ಬರಲಿಲ್ಲ. ಫೋನ್ ಬಾರದಿದ್ದರೆ ನಿಶ್ಚಿಂತೆ, ಅಲ್ವಾ ಆಪಾ?"

ಸುಲೈಮಾನಿ ಚಹಾ ಬಗ್ಗಿಸುತ್ತಿದ್ದ ಜಲೀಲರು ತಟ್ಟನೆ ತಲೆಯೆತ್ತಿದರು, ಚಹಾ ಹಾಸಿನ ಮೇಲೆ ಚೆಲ್ಲಿತು. "ಇವಳು ಬೇಡ," ಎಂದರು. "ಇವಳಿಗೆ ಮಾತಾಡ್ಲಿಕ್ಕೆ ಬರುದಿಲ್ಲ."

"ಬರುದಿಲ್ಲವಾ? ಹಾಗಾದ್ರೆ ಇಷ್ಟು ವರ್ಷ ನೀವು ಕಿವಿಗೆ ಹತ್ತಿ ಇಟ್ಟುಕೊಂಡದ್ದು ಯಾರ ಮಾತಿಗೆ?"

ಮತ್ತೆ ನಗು. ಜಲೀಲರು ಮಾತ್ರ ಬಗ್ಗಿ ಚಹಾ ಒರೆಸುತ್ತಲೇ ಇದ್ದರು.

ಹಾಜರಾ ಫಾತಿಮತ್‌ಳ ಹಿಂದೆ ಅಡುಗೆಮನೆಗೆ ಹೋದಳು. ಫಾತಿಮತ್ ದನಿ ತಗ್ಗಿಸಿ, "ಇವರಿಗೆ ಎಂತ ಆಗಿದೆಯೋ ಆಪಾ," ಎಂದು ನಾಚಿಕೊಂಡು ನಕ್ಕಳು. "ನೀರಿನ ಕ್ಯಾನ್ ಮುಟ್ಟಲಿಕ್ಕೆ ಬಿಡುದಿಲ್ಲ. ರಾತ್ರಿ ಪಾತ್ರೆ ಇವರೇ ತೊಳೆಯುದು. ರಂಜಾನಿಗೆ ಮೊದಲು ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಕರ್ಕೊಂಡು ಹೋದರು, ಹೋದಲ್ಲಿ ಕೈ ಬಿಡಲೇ ಇಲ್ಲ. ಮದುವೆಯಾದ ಹೊಸತರಲ್ಲೂ ಹೀಗೆ ಇರಲಿಲ್ಲ. ಮಗಳ ನಿಖಾಹ್ ಬಂತಲ್ಲ, ಈಗ ಬುದ್ಧಿ ಬಂತೋ ಎಂತದೋ."

"ಒಳ್ಳೆಯದಾಯ್ತಲ್ಲ ಮಾರಾಯ್ತಿ, ದೃಷ್ಟಿ ತಾಗೀತು," ಎಂದಳು ಹಾಜರಾ. ಆ ಸಂತೋಷದಲ್ಲೇ ಬಾಲ್ಕನಿಗೆ ಹೋಗಿ ಡಾಕ್ಟರ್ ಬಸ್ಮಾಗೆ ಫೋನು ಹಚ್ಚಿದಳು. ವ್ಯಾನಿನಲ್ಲಿ ತೆಗೆದ ಎಕ್ಸ್-ರೇ ಚಿತ್ರಗಳನ್ನು ಜಿದ್ದಾದಲ್ಲಿ ಕೂತು ನೋಡುವವಳು ಬಸ್ಮಾ. ರಜೆಯ ದಿನವೂ ಮೊದಲ ಗಂಟೆಗೇ ಫೋನ್ ಎತ್ತುವ ಹುಡುಗಿ.

"ಮಾತಾಡುವುದಕ್ಕೆ ಒಬ್ಬರು ಸಿಕ್ಕಿದರು," ಎಂದಳು ಹಾಜರಾ. "ಫಾತಿಮತ್. ಅಬ್ದುಲ್ ಜಲೀಲರ ಹೆಂಡತಿ."

ಬಸ್ಮಾ ಕೇಳಿದಳು: "ಅವರು ಊರಿಂದ ಬಂದರಾ? ಚಿಕಿತ್ಸೆ ಮುಗಿಯಿತಾ?"

"ಯಾವ ಚಿಕಿತ್ಸೆ?"

"ಹಾಜರಾ, ವ್ಯಾನ್ ಹೋದ ಮುಂದಿನ ವಾರ ನಾನೇ ಅವರ ಗಂಡನಿಗೆ ಫೋನ್ ಮಾಡಿದ್ದೆ. ಎಡಗಡೆಯದು ನನಗೆ ಸರಿಕಾಣಲಿಲ್ಲ, ಕೂಡಲೇ ಬಯಾಪ್ಸಿ ಆಗಬೇಕು ಎಂದೆ. ಮಂಗಳೂರಿಗೆ ಕರೆದುಕೊಂಡು ಹೋಗಿ ಅಲ್ಲೇ ಮಾಡಿಸುತ್ತೇನೆ ಎಂದರು. ಎಷ್ಟು ಸಲ ಥ್ಯಾಂಕ್ಸ್ ಹೇಳಿದರು ಗೊತ್ತಾ? ಅವರು ಮಂಗಳೂರಿಗೆ ಹೋಗಲಿಲ್ಲವಾ?"

ಹಾಜರಾ ಬಾಗಿಲ ಗಾಜಿನಿಂದ ಒಳಗೆ ನೋಡಿದಳು. ಫಾತಿಮತ್ ಜಾಲರಿಯಿಂದ ಬಜೆ ಎತ್ತಿ ಎಣ್ಣೆ ಸೋರಲು ಬಿಟ್ಟಿದ್ದಳು. ಎಡಗೈ ಸೊಂಟದ ಮೇಲಿತ್ತು. ಬಾಯಲ್ಲಿ ಯಾವುದೋ ಹಾಡು.

"ಇಲ್ಲ," ಎಂದಳು ಹಾಜರಾ. "ಇಲ್ಲೇ ಇದ್ದಾಳೆ. ಬಜೆ ಕರೀತಿದ್ದಾಳೆ." ವ್ಯಾನ್ ಬಂದದ್ದು ಚಳಿಗೆ ಮೊದಲು. ಚಳಿ ಬಂದು ಹೋಗಿ, ಈಗ ಎ.ಸಿ. ಹಾಕುವ ಕಾಲ ಬಂದಿದೆ.

"ಈಗಲೇ ವ್ಯವಸ್ಥೆ ಮಾಡುತ್ತೇನೆ," ಎಂದು ಬಸ್ಮಾ ಫೋನ್ ಇಟ್ಟಳು.

ಹಾಜರಾ ಜಲೀಲರನ್ನು ಬಾಲ್ಕನಿಗೆ ಕರೆದು ಬಾಗಿಲು ಎಳೆದುಕೊಂಡಳು. "ಡಾಕ್ಟರ್ ಬಸ್ಮಾ ನಿಮಗೆ ಫೋನ್ ಮಾಡಿದ್ದರಾ?"

ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಕಂಬಿ ಹಿಡಿದು ನಿಂತ ಮನುಷ್ಯನ ಕಣ್ಣಿಂದ ನೀರು ಇಳಿಯತೊಡಗಿತು.

"ನನ್ನ ಹೆತ್ತ ಉಮ್ಮನಿಗೆ ಇಂಥದೇ ರೋಗ ಬಂದಾಗ ಹೇಳಿದ್ದೆವು ಆಪಾ. ಅವತ್ತಿಂದ ಅವರು ಅನ್ನ ಮುಟ್ಟಲಿಲ್ಲ. ರೋಗಕ್ಕಿಂತ ಮೊದಲು ಹೆದರಿಕೆ ಕೊಂದಿತು. ಇವಳು ನಗ್ತಾ ಇರಲಿ ಅಂತ... ಮೊದಲು ಉಮ್ರಾ ಆಗಲಿ ಅಂತ ಕಂಡಿತು. ಆಮೇಲೆ ರಂಜಾನ್. ಈಗ ಮಗಳು ಹಿಬಾಳ ನಿಖಾಹ್ ಇಷ್ಟು ಹತ್ತಿರ ಬಂದಿದೆ. ಅದೊಂದು ಮುಗಿಯಲಿ, ಮಾರನೇ ದಿವಸವೇ ಆಸ್ಪತ್ರೆಗೆ ಸೇರಿಸ್ತೇನೆ. ನಿಮ್ಮ ಕಾಲಿಗೆ ಬೀಳ್ತೇನೆ, ಅವಳಿಗೆ ಹೇಳಬೇಡಿ."

ನೀರಿನ ಕ್ಯಾನು, ತೊಳೆದ ಪಾತ್ರೆ, ಉಮ್ರಾದಲ್ಲಿ ಬಿಡದೆ ಹಿಡಿದ ಕೈ. ಹಾಜರಾಳಿಗೆ ತನ್ನ ಕುರ್ಚಿಯ ದಿಂಬೂ ನೆನಪಾಯಿತು. ಇಷ್ಟು ಪ್ರೀತಿಯ ಮನುಷ್ಯ! ಕೆಟ್ಟವನೊಬ್ಬ ಮಾಡಿದ್ದರೆ ಇದು ಅರ್ಥವಾಗುತ್ತಿತ್ತು.

"ಜಲೀಲ್, ನೀವು ಅವಳಿಗೆ ಕೊಟ್ಟದ್ದು ನಗು. ತೆಗೆದುಕೊಂಡದ್ದು ಸಮಯ," ಎಂದಳು. "ಈಗಲೇ ಹೇಳಿ. ಇಲ್ಲವಾದರೆ ನಾನು ಹೇಳ್ತೇನೆ."

"ನನಗೆ ಬಾಯಿ ಬರುದಿಲ್ಲ."

"ಎಂತ ಇಬ್ಬರದ್ದೂ ಗುಟ್ಟು?" ಸೆರಗಿಗೆ ಕೈ ಒರೆಸುತ್ತ ಫಾತಿಮತ್ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು. "ಯಾರು ಹೋದರು? ಊರಲ್ಲಿ ಯಾರಿಗೆ ಎಂತ ಆಯ್ತು?"

ಜಲೀಲರು ಗೋಡೆಗೆ ಮುಖ ತಿರುಗಿಸಿದರು. ಹಾಜರಾ ಅವಳ ಎಣ್ಣೆಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮಾತಾಗಿ ಹೇಳಿದಳು. ಚಿತ್ರ ಸರಿ ಇರಲಿಲ್ಲ. ಫೋನ್ ಬಂದಿತ್ತು. ಇವರಿಗೆ ಬಂದಿತ್ತು.

ಫಾತಿಮತ್ ಅಳಲಿಲ್ಲ. ಕೂತುಕೊಳ್ಳಲೂ ಇಲ್ಲ. "ಎಡಗಡೆಯದಾ?" ಎಂದಳು.

"ನಿನಗೆ ಹೇಗೆ ಗೊತ್ತು?" ಎಂದು ಜಲೀಲರು ತಟ್ಟನೆ ತಿರುಗಿದರು.

"ಅಲ್ಲಿ ಗಂಟು ಉಂಟಲ್ಲ. ಹೋದ ವರ್ಷವೇ ಇತ್ತು. ಅದಕ್ಕೇ ನಾನು ವ್ಯಾನಿಗೆ ಓಡಿದ್ದು, ಎಲ್ಲರಿಗಿಂತ ಮುಂದೆ. ನಿಮಗೆ ಹೇಳಿದರೆ ನೀವು ನಿದ್ದೆ ಬಿಡ್ತೀರಿ ಅಂತ ಹೇಳಲಿಲ್ಲ." ಅವಳು ಹಾಜರಾಳತ್ತ ನೋಡಿದಳು. "ಫೋನ್ ಬರಲಿಲ್ಲ ಆಪಾ. ಮಷೀನು ಗಂಟನ್ನು ನೋಡಿದೆ, ನೋಡಿಯೂ ಕರೆಯಲಿಲ್ಲ ಅಂದಮೇಲೆ ಅದು ಎಂತದೂ ಅಲ್ಲ ಅಂದುಕೊಂಡೆ. ಆಮೇಲೆ ಅದು ದೊಡ್ಡದಾಯ್ತು. ಆದರೂ ನಿಶ್ಚಿಂತೆಯಿಂದ ಇದ್ದೆ. ಮುಟ್ಟಿ ನೋಡುದನ್ನೇ ಬಿಟ್ಟೆ."

ಜಲೀಲರು ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟರು.

ಹಾಜರಾ ಗೋಡೆಗೆ ಒರಗಿದಳು. ವ್ಯಾನ್ ಬಾರದೇ ಇದ್ದಿದ್ದರೆ ಈ ಹೆಂಗಸು ಗಂಟು ಬೆಳೆಯುವಾಗಲೇ ಹೆದರಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅವಳ ಹೆದರಿಕೆಯನ್ನು ಕಳೆದದ್ದು ತಾನು ಸಾಲಾಗಿ ನಿಲ್ಲಿಸಿ ಹತ್ತಿಸಿದ ಅದೇ ವ್ಯಾನು. ಮಿಕ್ಕ ಮನೆಗಳ ಗಂಡಸರು ಬಂದ ಫೋನನ್ನು ಹೆಂಡತಿಯರಿಗೆ ದಾಟಿಸಿದ್ದರು. ಅದು ಯೋಜನೆಯ ಜಾಣತನವಲ್ಲ, ಬರೀ ಅದೃಷ್ಟ. ಒಳಗೆ ಮೊಹಿದ್ದೀನ್ ಪಟ್ಟಿ ಬರೆಯುತ್ತ ಗಟ್ಟಿಯಾಗಿ ಹೇಳುತ್ತಿದ್ದರು: "ಯಜಮಾನರ ನಂಬರು ಇದ್ದರೆ ಸಾಕು, ಯಲ್ಲಾ, ಮುಂದಿನದ್ದು ನೋಡುವಾ."

ಹಾಜರಾ ಬಾಗಿಲು ತೆರೆದಳು. "ಸಾಕಾಗುದಿಲ್ಲ," ಎಂದಳು. "ಮೊಹಿದ್ದೀನ್, ಬರೆದದ್ದನ್ನು ಹರಿಯಿರಿ. ಪ್ರತಿ ಹೆಂಗಸಿಗೂ ಅವಳದೇ ನಂಬರು. ನಂಬರಿಲ್ಲದವಳ ಮನೆಗೆ ನಾನು ನಡೆದು ಹೋಗಿ ಹೇಳ್ತೇನೆ. ತೊಂದರೆ ಇಲ್ಲದವಳಿಗೂ, ಇಲ್ಲ ಅಂತ ಅವಳ ಕಿವಿಗೇ ಹೇಳಬೇಕು." ಮೊಹಿದ್ದೀನ್ ಅವಳ ಮುಖ ನೋಡಿ ಎದ್ದು ಹೋಗಿ, ಎಣ್ಣೆ ಹೊಗೆಯಾಡುತ್ತಿದ್ದ ಒಲೆಯನ್ನು ಆರಿಸಿ ಬಂದರು.

ಆಗ ಜಲೀಲರ ಜೇಬಿನಲ್ಲಿ ಫೋನ್ ರಿಂಗಾಯಿತು. ಬಸ್ಮಾಳ ಹತ್ತಿರ ಇದ್ದದ್ದು ಆ ನಂಬರೇ. ಜಲೀಲರು ಅಭ್ಯಾಸಬಲದಿಂದ ಕಿವಿಗೆ ಹಿಡಿದರು. "ಜೀ ಡಾಕ್ಟರ್, ಹೇಳಿ..."

ಫಾತಿಮತ್ ಕೈ ಚಾಚಿದಳು.

ಅವರು ಅವಳ ಕೈಯನ್ನು ನೋಡಿದರು, ಫೋನನ್ನು ನೋಡಿದರು. ಆಮೇಲೆ ಕೂತಲ್ಲಿಂದಲೇ, ಬಿಸಿ ಪಾತ್ರೆ ದಾಟಿಸುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಅದನ್ನು ಅವಳಿಗೆ ಕೊಟ್ಟರು.

ಫಾತಿಮತ್‌ಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ಅರಬ್ಬಿ. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಐವಾ, ದುಕ್ತೂರಾ. ಅನಾ ಫಾತಿಮತ್, ನಾನೇ ಫಾತಿಮತ್. ನನಗೆ ಹೇಳಿ."